ನಿಲ್ಲಿಸಿದ ಕಾಯಿ

ಪ್ರಯೋಗದ ಕಂಪ್ಯೂಟರ್ ಬೋರ್ಡು ಮೂರನೆಯ ಸಲ ಅಲ್ಲಾಡದೆ ನಿಂತುಹೋದಾಗ ನನಗೆ ಬಂದ ಸಿಟ್ಟಿನಲ್ಲಿ ಅದನ್ನು ಲ್ಯಾಬಿನ ಕಿಟಕಿಯಿಂದಾಚೆಗೆ ಎಸೆಯುವುದೊಂದು ಬಾಕಿ ಇತ್ತು. ಎಸೆದಿದ್ದರೆ ಚೆನ್ನಾಗಿತ್ತು. ನನ್ನ ಪಿಎಚ್.ಡಿ. ಹೇಗೂ ಹೋಗುವುದು ಹೋಯಿತು. ಕಿಬ್ಬನಹಳ್ಳಿ ಹತ್ತಿರದ ಕೊಬ್ಬರಿ ಶೆಡ್ಡಿನ ಒಬ್ಬ ಹೆಂಗಸಿನ ಬದುಕಿಗೆ ನಾನು ಕೈ ಹಾಕಿ ಕೆಡಿಸುವುದಾದರೂ ತಪ್ಪುತ್ತಿತ್ತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ತಿಪಟೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿಕೊಂಡು, ಬೆಂಗಳೂರಿನ ಒಬ್ಬ ಪ್ರೊಫೆಸರರ ಹತ್ತಿರ ಸಂಶೋಧನೆಗೆ ಹೆಸರು ಬರೆಸಿದ್ದೆ. ಬೋರ್ಡು ಅವರು ಕೊಟ್ಟದ್ದು. ಅದರ ಮೇಲಿದ್ದ ಪ್ರೊಸೆಸರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅದರಲ್ಲಿ ಕೂಡುವ, ಕಳೆಯುವ, ಗುಣಿಸುವ ಪ್ರತಿ ಆದೇಶಕ್ಕೂ ಎರಡು ರೂಪ. ಒಂದು ಪೂರ್ತಿ ವೋಲ್ಟೇಜಿನಲ್ಲಿ ನಡೆಯುತ್ತದೆ. ಉತ್ತರ ಯಾವಾಗಲೂ ಸರಿ, ಆದರೆ ಬ್ಯಾಟರಿಯನ್ನು ತಿಂದುಹಾಕುತ್ತದೆ. ಇನ್ನೊಂದು ಕಡಿಮೆ ವೋಲ್ಟೇಜಿನಲ್ಲಿ ನಡೆಯುತ್ತದೆ. ಬ್ಯಾಟರಿ ಉಳಿಯುತ್ತದೆ, ಆದರೆ ಆಗೊಮ್ಮೆ ಈಗೊಮ್ಮೆ ಉತ್ತರ ತಪ್ಪುತ್ತದೆ. ನಾನು ಇವಕ್ಕೆ ಗಟ್ಟಿ ಆದೇಶ, ಸಡಿಲ ಆದೇಶ ಎಂದು ಹೆಸರಿಟ್ಟುಕೊಂಡಿದ್ದೆ.

ತಪ್ಪು ಉತ್ತರ ಕೊಡುವ ಯಂತ್ರ ಯಾರಿಗೆ ಬೇಕು ಎಂದು ನಮ್ಮ ವಿಭಾಗದಲ್ಲಿ ಎಲ್ಲರೂ ನಗಾಡಿದರು. ನಗುವಂಥದ್ದೇನಲ್ಲ. ಹಾಡು ಕೇಳುವಾಗ ಸಾವಿರದಲ್ಲಿ ಒಂದು ಸದ್ದಿನ ತುಣುಕು ಕೆಟ್ಟರೆ ಕಿವಿಗೆ ತಿಳಿಯುವುದಿಲ್ಲ. ಫೋಟೋದಲ್ಲಿ ಒಂದು ಚುಕ್ಕೆಯ ಬಣ್ಣ ಬದಲಾದರೆ ಕಣ್ಣಿಗೆ ತಿಳಿಯುವುದಿಲ್ಲ. ಎಲ್ಲಿ ತಪ್ಪಿದರೆ ನಡೆಯುತ್ತದೆಯೋ ಅಲ್ಲಿ ಸಡಿಲ, ಎಲ್ಲಿ ನಡೆಯುವುದಿಲ್ಲವೋ ಅಲ್ಲಿ ಗಟ್ಟಿ. ಅದನ್ನು ಆರಿಸುವವರು ಯಾರು ಎನ್ನುವುದೇ ಪ್ರಶ್ನೆ. ಪ್ರೋಗ್ರಾಮ್ ಬರೆಯುವವರು ಸಾಲು ಸಾಲಿಗೂ ಕೂತು ಆರಿಸಲಾರರು. ನಾವು ಬರೆದದ್ದನ್ನು ಯಂತ್ರದ ಆದೇಶಗಳಿಗೆ ಇಳಿಸುವ ತಂತ್ರಾಂಶವಿದೆಯಲ್ಲ, ಕಂಪೈಲರ್, ಅದೇ ಆರಿಸಬೇಕು. ಹಾಗೆ ಆರಿಸುವ ಭಾಗವನ್ನು ಬರೆಯುವುದು ನನ್ನ ಕೆಲಸವಾಗಿತ್ತು.

ಅದನ್ನು ಯಾವುದರ ಮೇಲೆ ಪರೀಕ್ಷಿಸುವುದು? ಗೈಡ್ ಒಂದು ಫೋಟೋ ಪ್ರೋಗ್ರಾಮ್ ಸಾಕು ಎಂದರು. ನಾನು ಜಂಭದಲ್ಲಿ ನಮ್ಮೂರ ಕಡೆಯದೇ ಏನಾದರೂ ಮಾಡೋಣ ಸಾರ್ ಎಂದೆ. ನಾನು ಶೆಟ್ಟಿಕೆರೆ ಪಕ್ಕದಲ್ಲಿ ಹುಟ್ಟಿದವಳು. ನಮ್ಮ ಕಡೆ ಕಾಯಿಯನ್ನು ಎಳೆಯದರಲ್ಲಿ ಮಾರುವುದು ಕಡಿಮೆ; ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಒಣಗಿಸಿ, ಒಳಗೇ ಉಂಡೆ ಕೊಬ್ಬರಿಯಾದ ಮೇಲೆ ಚಿಪ್ಪು ಒಡೆದು ಇಡೀ ಉಂಡೆ ತೆಗೆಯುತ್ತಾರೆ. ಒಣಗಿದೆಯೋ ಇಲ್ಲವೋ ಒಡೆಯುವ ಮೊದಲೇ ತಿಳಿಯಬೇಕು. ಯಾಕೆಂದರೆ ಚಿಪ್ಪು ಒಡೆದ ಮೇಲೂ ಉಂಡೆ ಮುಚ್ಚಿಕೊಂಡೇ ಇರುತ್ತದೆ. ಹೊಟ್ಟೆಯಲ್ಲಿ ಒಂದು ಚಮಚ ನೀರು ಉಳಿದಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಅಂಥ ಒಂದು ಉಂಡೆ ಚೀಲಕ್ಕೆ ಬಿದ್ದರೆ ಒಳಗೊಳಗೇ ಬೂಸ್ಟು ಹಿಡಿದು ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ತಿಳಿಯುವ ದಾರಿ ಒಂದೇ, ಕಾಯಿ ಅಲ್ಲಾಡಿಸಿ ಕೇಳುವುದು. ಒಣಗಿದ್ದರೆ ಉಂಡೆ ಚಿಪ್ಪಿಗೆ ತಾಕುವ ಸದ್ದೊಂದೇ, ನೀರು ಉಳಿದಿದ್ದರೆ ಅದರ ಹಿಂದೆ ಗುಮ್ಮೆನ್ನುವ ಇನ್ನೊಂದು ಸದ್ದು.

ಅಂದಮೇಲೆ ಒಂದು ಪುಟ್ಟ ಪೆಟ್ಟಿಗೆ. ಮೈಕು, ಈ ಪ್ರೊಸೆಸರ್, ಎರಡು ಪೆನ್ಸಿಲ್ ಸೆಲ್ಲು. ಪೆಟ್ಟಿಗೆ ಹತ್ತಿರ ಕಾಯಿ ಅಲ್ಲಾಡಿಸಿದರೆ ಒಣಗಿದ್ದಕ್ಕೆ ಹಸಿರು ದೀಪ, ಇಲ್ಲದ್ದಕ್ಕೆ ಕೆಂಪು ದೀಪ. ಶೆಡ್ಡುಗಳಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಸೆಲ್ಲಿನ ಮೇಲೆ ವರ್ಷಗಟ್ಟಲೆ ನಡೆಯುವ ಪೆಟ್ಟಿಗೆ ಎಂದರೆ ಯಾರಿಗೆ ಬೇಡ? ಗೈಡಿಗೆ ಖುಷಿಯಾಯಿತು. ನನಗಂತೂ ಆಗಲೇ ಕೊಂಬು ಬಂದಿತ್ತು.

ಕಿಬ್ಬನಹಳ್ಳಿ ಕೂಡುರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಶೆಡ್ಡಿನ ಯಜಮಾನರು ಒಪ್ಪಿಕೊಂಡರು. ಅಲ್ಲಿ ಸುಲಿದ ಕಾಯಿಗಳ ರಾಶಿಯ ಮುಂದೆ ಐವತ್ತು ದಾಟಿದ ಒಬ್ಬರು ಹೆಂಗಸು ಗೋಣಿಚೀಲದ ಮೇಲೆ ಕೂತು ಕಾಯಿ ಕೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಅದೇ ಕೆಲಸ. ನಾನು ಅವರನ್ನು ಅಕ್ಕ ಎಂದೇ ಕರೆದೆ. ಕಾಯಿ ಎತ್ತಿ ಬಲಗಿವಿಯ ಹತ್ತಿರ ಒಂದು ಸಲ ಅಲ್ಲಾಡಿಸುವರು. ಆಮೇಲೆ ಕಾಯಿಯ ಕಣ್ಣು ಕೆಳಗೆ ಮಾಡಿ ಎಡಗಿವಿಯ ಹತ್ತಿರ ಇನ್ನೊಂದು ಸಲ. ಅಷ್ಟರಲ್ಲೇ ತೀರ್ಪು. ಒಣಗಿದ್ದು ಬಲಕ್ಕೆ, ಒಡೆಯುವವರ ಕಡೆಗೆ. ಹಸಿಯದು ಎಡಕ್ಕೆ, ಅಟ್ಟಕ್ಕೆ ವಾಪಸು. ಮೂರನೆಯದೊಂದು ಗುಡ್ಡೆ ಹಿಂದಿನ ಗೋಡೆಯ ಹತ್ತಿರ ಇತ್ತು. ಅದೇನೆಂದು ಕೇಳಿದೆ.

"ಅವು ನಿಲ್ಸಿರೋ ಕಾಯಿ ಕಣವ್ವ," ಎಂದರು. "ಒಣಗೈತೆ ಅನ್ನಂಗೂ ಇಲ್ಲ, ಇಲ್ಲ ಅನ್ನಂಗೂ ಇಲ್ಲ. ಇವತ್ತು ಹೇಳ್ಬಾರ್ದು. ಹದ್ನೈದ್ ದಿನ ನಿಲ್ಸಿ ಆಮ್ಯಾಕೆ ಕೇಳ್ಬೇಕು."

"ಇವತ್ತೇ ಹೇಳಲೇಬೇಕು ಅಂದ್ರೆ?"

"ಯಾರು ಅನ್ನೋರು?" ಎಂದು ನಕ್ಕರು. "ಕಾಯಿಗಿಲ್ದಿರೋ ಅವಸ್ರ ನಮ್ಗ್ಯಾಕೆ?"

ನಾಲ್ಕು ತಿಂಗಳು ನಾನು ವಾರಕ್ಕೆರಡು ದಿನ ಅಲ್ಲಿ ಕೂತೆ. ಒಡೆಯುವವರ ಮಚ್ಚಿನ ಸದ್ದು, ರಸ್ತೆಯ ಲಾರಿ ಸದ್ದು ಬೀಳದಂತೆ ಒಂದು ಮರದ ಪೆಟ್ಟಿಗೆಗೆ ಒಳಗಡೆ ಹಳೆಯ ಕಂಬಳಿ ಹೊಡೆದು ಅದರಲ್ಲಿ ಮೈಕು ಇಟ್ಟೆ. ಪ್ರತಿ ಕಾಯಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದು, ಅಕ್ಕ ಅಲ್ಲಾಡಿಸಿದ ಸದ್ದನ್ನು ಮುದ್ರಿಸಿಕೊಂಡು, ನೋಟುಬುಕ್ಕಿನಲ್ಲಿ ನಂಬರಿನ ಮುಂದೆ ಅವರ ತೀರ್ಪು ಬರೆಯುತ್ತಿದ್ದೆ. ಒಣಗಿದೆ ಅಥವಾ ಹಸಿ. ನಿಲ್ಲಿಸಿದ ಕಾಯಿಯ ಮುಂದೆ ಖಾಲಿ ಬಿಡುತ್ತಿದ್ದೆ, ಏಕೆಂದರೆ ನನ್ನ ಪೆಟ್ಟಿಗೆಗೆ ಇದ್ದದ್ದು ಎರಡೇ ದೀಪ.

ಹದಿನೈದು ದಿನ ಬಿಟ್ಟು ಅಕ್ಕ ಆ ಗುಡ್ಡೆಯನ್ನು ಮತ್ತೆ ಕೇಳಿದಾಗ ಹೆಚ್ಚಿನವು ಒಣಗಿದ್ದವು. ನಾನು ಅವುಗಳ ಖಾಲಿ ಜಾಗದಲ್ಲೆಲ್ಲ 'ಒಣಗಿದೆ' ಎಂದು ತುಂಬಿಸಿದೆ. ಅವತ್ತು ಮೈಕಿನ ಪೆಟ್ಟಿಗೆ ಕಾಲೇಜಿನಲ್ಲಿತ್ತು. ಸದ್ದು ಹೇಗೂ ಮೊದಲೇ ಮುದ್ರಿಸಿದೆಯಲ್ಲ, ಮತ್ತೆ ಯಾಕೆ ಹೊತ್ತು ತರುವುದು ಎಂದುಕೊಂಡಿದ್ದೆ. ನಾನು ಬರೆಯುವುದನ್ನು ನೋಡಿ ಅಕ್ಕ, "ಅವತ್ತಿನ ಸದ್ದು ಬ್ಯಾರೆ, ಇವತ್ತಿನ ಸದ್ದು ಬ್ಯಾರೆ ಅಲ್ವೇನವ್ವಾ?" ಎಂದರು. ನಾನು ಹೂಂ ಅಕ್ಕ ಎಂದು ಬರೆಯುತ್ತಲೇ ಹೋದೆ. ಅವರ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಓದಿದವಳ ತಲೆಯಲ್ಲಿ ಜಾಗ ಕಡಿಮೆ.

ಇನ್ನು ಕಂಪೈಲರಿನ ಕಥೆ. ಮೊದಲ ಪ್ರಯತ್ನದಲ್ಲಿ ಸದ್ದನ್ನು ಸೋಸುವ ಲೆಕ್ಕವನ್ನೆಲ್ಲ ಒಟ್ಟಿಗೆ ಸಡಿಲ ಮಾಡಿದೆ. ಬೋರ್ಡು ಒಂದು ನಿಮಿಷವೂ ನಡೆಯಲಿಲ್ಲ. ಮುಂದಿನ ಸದ್ದಿನ ತುಣುಕು ಮೆಮೊರಿಯಲ್ಲಿ ಎಲ್ಲಿದೆ ಎನ್ನುವ ವಿಳಾಸದ ಲೆಕ್ಕವೂ ಅದರಲ್ಲೇ ಸೇರಿಕೊಂಡಿತ್ತು. ಸದ್ದು ತಪ್ಪಿದರೆ ಸ್ವಲ್ಪ ಕರಕರ ಅಂದೀತು. ವಿಳಾಸ ತಪ್ಪಿದರೆ ಎಲ್ಲೋ ಹೋಗಿ ಏನನ್ನೋ ತಂದು ಯಂತ್ರ ಕಂಗೆಟ್ಟು ನಿಲ್ಲುತ್ತದೆ. ಎರಡನೆಯ ಸಲ ವಿಳಾಸ ಗಟ್ಟಿ ಮಾಡಿದೆ, ಸುತ್ತು ಎಣಿಸುವ ಲೆಕ್ಕ ಮರೆತೆ. ಆಗ ಒಂದೇ ಕಾಯಿಯನ್ನು ಸಂಜೆಯ ತನಕ ಕೇಳುತ್ತ ಕೂತುಬಿಟ್ಟಿತು. ಮೂರನೆಯ ಸಲ ಕಿಟಕಿಯ ಪ್ರಸಂಗ.

ಆಮೇಲೆ ತಲೆ ತಣ್ಣಗೆ ಮಾಡಿಕೊಂಡು ಬೇರೆ ದಾರಿ ಹಿಡಿದೆ. ವಿಳಾಸದಿಂದ, ಸುತ್ತಿನ ಎಣಿಕೆಯಿಂದ, ಈ ಕಡೆಯೋ ಆ ಕಡೆಯೋ ಎಂದು ಕವಲೊಡೆಯುವ ನಿರ್ಧಾರಗಳಿಂದ ಹಿಂದಕ್ಕೆ ನಡೆದು ಬರುವುದು. ಅವಕ್ಕೆ ಯಾವ ಯಾವ ಲೆಕ್ಕ ಬಂದು ಸೇರುತ್ತದೋ ಅದನ್ನೆಲ್ಲ ಗಟ್ಟಿ ಎಂದು ಗುರುತಿಸುವುದು. ಬೋರ್ಡು ನಿಲ್ಲದೆ ನಡೆಯಿತು. ಆದರೆ ಉಳಿತಾಯವೇ ಇಲ್ಲ. ನೋಡಿದರೆ, ಕೊನೆಗೆ ಹಸಿರೋ ಕೆಂಪೋ ಎನ್ನುವುದೂ ಒಂದು ಕವಲು. ಎಲ್ಲ ಲೆಕ್ಕವೂ ಕೊನೆಗೆ ಅಲ್ಲಿಗೇ ಬಂದು ಸೇರುವುದರಿಂದ ಎಲ್ಲವೂ ಗಟ್ಟಿಯಾಗಿ ಕೂತಿತ್ತು.

ಹಾಗಾಗಿ ಆ ಕೊನೆಯ ಕವಲೊಂದಕ್ಕೆ ವಿನಾಯಿತಿ ಕೊಡಬೇಕಾಯಿತು. ಅದಕ್ಕೆ ಬಂದು ಸೇರುವ ಲೆಕ್ಕಗಳನ್ನು ಒಂದೊಂದಾಗಿ ಸಡಿಲ ಮಾಡಿ ನೋಡುವುದು. ಪ್ರತಿ ಸಲವೂ ಮುದ್ರಿಸಿದ ಎಲ್ಲ ಸದ್ದುಗಳ ಮೇಲೆ ಪ್ರೋಗ್ರಾಮ್ ಓಡಿಸಿ, ಬಂದ ಉತ್ತರವನ್ನು ನನ್ನ ನೋಟುಬುಕ್ಕಿನ ತೀರ್ಪಿಗೆ ಹೋಲಿಸುವುದು. ತಪ್ಪು ಹೆಚ್ಚಾಗದಿದ್ದರೆ ಅದು ಸಡಿಲವಾಗೇ ಇರಲಿ. ಹೆಚ್ಚಾದರೆ ಮತ್ತೆ ಗಟ್ಟಿ. ಕಂಪೈಲರ್ ತಾನಾಗಿಯೇ ಇದನ್ನು ಮಾಡುತ್ತಿತ್ತು. ಒಂದು ಓಟಕ್ಕೆ ಎರಡು ಹಗಲು ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ. ಜನರೇಟರ್ ಹಾಕಿಸಲು ಪ್ರಿನ್ಸಿಪಾಲರ ಮುಂದೆ ಎಷ್ಟು ಸಲ ಹಲ್ಲು ಗಿಂಜಿದ್ದೇನೋ ನನಗೇ ಗೊತ್ತು.

ಕೊನೆಗೆ ಬಂದ ಫಲಿತಾಂಶ ನೋಡಿ ಕುಣಿದಾಡಿದೆ. ಲೆಕ್ಕದ ಬಹುಪಾಲು ಸಡಿಲವಾಗಿತ್ತು, ತಪ್ಪು ಹೆಚ್ಚಾಗಿರಲಿಲ್ಲ. ಸದ್ದಿನ ತಗ್ಗಿನ ಭಾಗ, ಆ ಗುಮ್ಮೆನ್ನುವ ಭಾಗವಿದೆಯಲ್ಲ, ಅದರ ಲೆಕ್ಕವನ್ನಂತೂ ಕಂಪೈಲರ್ ಪೂರ್ತಿ ಸಡಿಲ ಮಾಡಿತ್ತು. ಆ ಭಾಗಕ್ಕೂ ತೀರ್ಪಿಗೂ ಸಂಬಂಧವೇ ಇಲ್ಲ ಎನ್ನುವಂತೆ. ವಿಚಿತ್ರ ಅನ್ನಿಸಿತು. ಆದರೆ ವಿಚಿತ್ರವಾದದ್ದು ನಮಗೆ ಅನುಕೂಲವಾಗಿದ್ದರೆ ಯಾರೂ ಕೆದಕುವುದಿಲ್ಲ.

ಗೈಡ್ ಪೇಪರ್ ಬರೆಯಲು ಹೇಳಿದರು. ಬರೆದೆ. ಶೆಡ್ಡಿನ ಯಜಮಾನರಿಗೆಂದು ಕನ್ನಡದಲ್ಲಿ ಎರಡು ಪುಟದ ವರದಿಯನ್ನೂ ಬರೆದೆ. ಎರಡರಲ್ಲೂ ಒಂದು ಕಡೆ, ಪೆಟ್ಟಿಗೆ ಒಂದೇ ಕಾಯಿಗೆ ಒಂದೇ ಉತ್ತರ ಕೊಡುತ್ತದೆ, ಕಾಯಿ ಕೇಳುವವರ ತೀರ್ಪು ಕೆಲವು ಕಾಯಿಗಳ ವಿಷಯದಲ್ಲಿ ಎರಡು ಸಲಕ್ಕೆ ಎರಡು ಬಗೆಯಾಗಿತ್ತು ಎಂದು ಬರೆದಿದ್ದೆ. ಮೊದಲ ದಿನ 'ಗೊತ್ತಿಲ್ಲ' ಎಂದು, ಹದಿನೈದು ದಿನಕ್ಕೆ 'ಒಣಗಿದೆ' ಎಂದರಲ್ಲ, ಅದಕ್ಕೆ. ಅವರ ಕೆಲಸದ ರೀತಿಯೇ ಅದು ಎಂದು ಗೊತ್ತಿದ್ದೂ ಬರೆದೆ. ಪೆಟ್ಟಿಗೆ ಚೆನ್ನಾಗಿ ಕಾಣಬೇಕಿತ್ತು, ಅಷ್ಟೆ. ಇಡೀ ಕೆಲಸದಲ್ಲಿ ಯಾವ ಯಂತ್ರವೂ ಮಾಡದ ತಪ್ಪು ಇದೊಂದು. ಇದನ್ನು ಮಾಡಿದವಳು ನಾನೇ.

ಬೋರ್ಡನ್ನು ಒಳಗೆ ಕೂರಿಸಿದ ಪೆಟ್ಟಿಗೆ ಶೆಡ್ಡಿಗೆ ಹೋಯಿತು. ಮೊದಲ ವಾರ ಅಕ್ಕ ಅದರ ಜೊತೆ ಜಗಳವಾಡಿದರು. ನಾನು ಅಲ್ಲೇ ಇದ್ದಾಗ ಒಂದು ಕಾಯಿಗೆ ಹಸಿರು ಬಂತು. ಅಕ್ಕ ಅದನ್ನು ಕಣ್ಣು ಕೆಳಗೆ ಮಾಡಿ ಎರಡು ಸಲ ಅಲ್ಲಾಡಿಸಿ, "ಇಲ್ಲ ಕಣವ್ವ, ಇದ್ರಾಗೆ ಇನ್ನೂ ಗುಮ್ ಅಂತೈತೆ. ನಿಲ್ಸ್ಬೇಕು," ಎಂದರು.

ಯಜಮಾನರು ದೂರದಿಂದಲೇ ಕೂಗಿದರು. "ದೀಪ ಹಸ್ರು ಬಂದ್ಮೇಲೆ ಮುಗೀತು ಕಣಮ್ಮಿ. ಅವ್ರೇನು ಓದ್ದೆ ಮಾಡವ್ರಾ? ನಿಂಗೆ ನಿಲ್ಸೋದೊಂದೇ ಗೊತ್ತು. ನಿಲ್ಸಿ ನಿಲ್ಸಿ ಅರ್ಧ ಶೆಡ್ಡು ತುಂಬಿಸ್ಬುಟ್ಟೆ."

ಅಕ್ಕ ನನ್ನ ಮುಖ ನೋಡಿದರು. ನಾನು, "ನೋಡೋಣ ಅಕ್ಕ, ಹಾಕಿ," ಎಂದೆ. ಅವರು ಕಾಯಿಯನ್ನು ಬಲಗಡೆಗೆ ಹಾಕಿದರು. ಒಂದು ತಿಂಗಳಾಗುವ ಹೊತ್ತಿಗೆ ಅವರು ಕಿವಿಯ ಹತ್ತಿರ ಕಾಯಿ ತರುವುದನ್ನೇ ಬಿಟ್ಟಿದ್ದರು. ಪೆಟ್ಟಿಗೆಯ ಮುಂದೆ ಅಲ್ಲಾಡಿಸುವುದು, ದೀಪ ನೋಡುವುದು, ಹಾಕುವುದು. ಹಿಂದಿನ ಗೋಡೆಯ ಹತ್ತಿರ ಗುಡ್ಡೆಯೇ ಇರಲಿಲ್ಲ.

ಮಳೆಗಾಲ ಶುರುವಾಗಿತ್ತು. ಒಂದು ಹರಾಜಿನ ದಿನ ತಿಪಟೂರು ಮಂಡಿಯಲ್ಲಿ ಯಜಮಾನರ ಲೋಡು ನೋಡಲು ಬಂದ ವ್ಯಾಪಾರಿ ಒಂದು ಚೀಲದಿಂದ ಉಂಡೆ ತೆಗೆದು ಕೊಯ್ದ. ಒಳಗೆ ಬೂಸ್ಟು. ಇನ್ನೊಂದು ಚೀಲ, ಮತ್ತೊಂದು ಚೀಲ. ಲೋಡಿಗೆ ಲೋಡೇ ವಾಪಸು. ಯಜಮಾನರು ನನಗೆ ಫೋನು ಮಾಡಿದರು. ಬೈಯುತ್ತಾರೆ ಎಂದುಕೊಂಡು ಎದೆ ಗಟ್ಟಿ ಮಾಡಿಕೊಂಡೆ. ಅವರು ನನ್ನನ್ನು ಬೈಯಲೇ ಇಲ್ಲ.

"ನಿಮ್ದೇನ್ ತಪ್ಪಿಲ್ಲ ಬಿಡಿ ಮೇಡಂ," ಎಂದರು. "ಈ ಯಮ್ಮುಂಗೆ ಕಿವಿ ಹೋಗೈತೆ. ಮಿಷನ್ನು ತಪ್ಪಿದ್ರೆ ಇವ್ಳು ಹೇಳ್ಬೇಕಿತ್ತೋ ಬ್ಯಾಡ್ವೋ? ಪಕ್ದಲ್ಲೇ ಕೂತಿದ್ಲು. ನೀವೇ ಬರ್ದಿದ್ರಲ್ಲ, ಒಂದೇ ಕಾಯ್ಗೆ ಎರಡ್ ಮಾತು ಅಂತಾಳೆ ಅಂತ. ನಾನು ಆವಾಗ್ಲೇ ಅರ್ಥ ಮಾಡ್ಕೋಬೇಕಿತ್ತು. ಅವ್ಳನ್ನ ಚಿಪ್ಪು ಆಯೋಕೆ ಹಾಕಿವ್ನಿ. ಪೆಟ್ಗೆ ಸರಿ ಮಾಡ್ಕೊಂಡ್ ಬನ್ನಿ."

ಮಾರನೆಯ ದಿನ ರಜೆ ಹಾಕಿ ಶೆಡ್ಡಿಗೆ ಹೋಗಿ, ಪೆಟ್ಟಿಗೆಯನ್ನೂ, ಅದು ಹಸಿರು ತೋರಿಸಿದ್ದರೂ ಇನ್ನೂ ಒಡೆಯದೆ ಉಳಿದಿದ್ದ ಒಂದು ಚೀಲ ಕಾಯಿಯನ್ನೂ ಕೇಳಿ ಪಡೆದು ಆಟೋದಲ್ಲಿ ಹಾಕಿಸಿಕೊಂಡು ಕಾಲೇಜಿಗೆ ತಂದೆ. ಅಕ್ಕ ಶೆಡ್ಡಿನ ಹಿಂದೆ ಚಿಪ್ಪಿನ ರಾಶಿಯ ಹತ್ತಿರ ಬಗ್ಗಿಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ. ನನಗೂ ಹೋಗಿ ಮಾತಾಡುವ ಮುಖ ಇರಲಿಲ್ಲ.

ಕಾರಣ ಹುಡುಕಲು ನಾಲ್ಕು ದಿನ ಹಿಡಿಯಿತು. ಮೊದಲು ಮೈಕಿಗೆ ತೇವ ಹಿಡಿದಿರಬೇಕು ಎಂದುಕೊಂಡೆ; ಇಲ್ಲ. ಸೆಲ್ಲು ಇಳಿದು ವೋಲ್ಟೇಜು ಇನ್ನಷ್ಟು ಕಡಿಮೆಯಾಗಿರಬೇಕು ಎಂದುಕೊಂಡೆ. ಅಳೆದರೆ ಸರಿಯಾಗೇ ಇತ್ತು. ಆಮೇಲೆ ಆ ಚೀಲದ ಕಾಯಿಗಳ ಸದ್ದನ್ನು ಮುದ್ರಿಸಿ, ಒಮ್ಮೆ ಎಲ್ಲವನ್ನೂ ಗಟ್ಟಿ ಮಾಡಿ, ಒಮ್ಮೆ ಕಂಪೈಲರ್ ಆರಿಸಿದಂತೆ ಸಡಿಲ ಬಿಟ್ಟು ಓಡಿಸಿದೆ. ಗಟ್ಟಿಯಲ್ಲಿ ಆ ಕಾಯಿಗಳಿಗೆ ಪ್ರೋಗ್ರಾಮ್ ಕೊಡುವ ಅಂಕ ಹಸಿರಿಗೂ ಕೆಂಪಿಗೂ ನಡುವಿನ ಗೆರೆಯ ಮೇಲೇ ಬಂದು ಕೂರುತ್ತಿತ್ತು. ಸಡಿಲದಲ್ಲಿ ಅದು ಎಲ್ಲೆಲ್ಲೋ ಹಾರುತ್ತಿತ್ತು. ವೋಲ್ಟೇಜು ಕಡಿಮೆಯಾದಾಗ ಮೊದಲು ತಪ್ಪುವುದು ಲೆಕ್ಕದ ದೊಡ್ಡ ಸ್ಥಾನದ ಅಂಕಿಗಳು, ಏಕೆಂದರೆ ಕೂಡುವಾಗ ಕೈಲಿರುವ ದಶಕ ಸಾಗಿ ಸಾಗಿ ಕೊನೆಗೆ ಮುಟ್ಟುವುದು ಅಲ್ಲಿಗೆ. ಹಾಗಾಗಿ ತಪ್ಪು ಚಿಕ್ಕದಾಗಿರುವುದಿಲ್ಲ, ದೊಡ್ಡದಾಗೇ ಇರುತ್ತದೆ. ಗುಮ್ಮೆನ್ನುವ ಭಾಗದ ಲೆಕ್ಕ ಹಾರಿದಾಗಲೆಲ್ಲ ಒದ್ದೆ ಕಾಯಿ ಹಸಿರಾಗುತ್ತಿತ್ತು.

ಅಷ್ಟು ಮುಖ್ಯವಾದ ಲೆಕ್ಕವನ್ನು ಕಂಪೈಲರ್ ಸಡಿಲ ಯಾಕೆ ಮಾಡಿತು? ಅದು ಇಟ್ಟ ಟಿಪ್ಪಣಿ ತೆಗೆದು ನೋಡಿದೆ: ಇದನ್ನು ಸಡಿಲಿಸಿದ್ದರಿಂದ ತಪ್ಪು ಹೆಚ್ಚಾಗಲಿಲ್ಲ. ಯಾಕೆ ಹೆಚ್ಚಾಗಲಿಲ್ಲ? ನೋಟುಬುಕ್ಕು ತೆಗೆದೆ. ನಿಲ್ಲಿಸಿದ ಕಾಯಿಗಳ ಸಾಲಿನಲ್ಲಿ ಸದ್ದು ಮುದ್ರಿಸಿದ ತಾರೀಖು ಒಂದು, ತೀರ್ಪು ಬರೆದ ತಾರೀಖು ಇನ್ನೊಂದು. ನಡುವೆ ಹದಿನೈದು ದಿನ. ಒದ್ದೆ ಇರುವಾಗಿನ ಸದ್ದಿಗೆ ಒಣಗಿದ ಮೇಲಿನ ತೀರ್ಪನ್ನು ಅಂಟಿಸಿದ್ದೆ. ಗುಮ್ಮೆಂದರೂ ಒಣಗಿದ್ದೇ, ಗುಮ್ಮೆನ್ನದಿದ್ದರೂ ಒಣಗಿದ್ದೇ ಎಂದು ನಾನೇ ಅದಕ್ಕೆ ನೂರಾರು ಸಲ ಹೇಳಿಕೊಟ್ಟಿದ್ದೆ. ಪಾಪ, ಅದು ನನ್ನ ಮಾತು ನಂಬಿತು. ಇವತ್ತಿನ ಸದ್ದು ಬೇರೆ ಅಲ್ವೇನವ್ವಾ ಎಂದು ಅಕ್ಕ ಆವತ್ತೇ ಕೇಳಿದ್ದರು. ಇಡೀ ಸಂಶೋಧನೆಯಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು.

ಮೂರು ವಾರ ಕೂತು ಎಲ್ಲವನ್ನೂ ತಿರುಗಿ ಮಾಡಿದೆ. ಎರಡು ಉತ್ತರ ಮೂರಾಯಿತು: ಒಣಗಿದೆ, ಹಸಿ, ನಿಲ್ಲಿಸು. ತಪ್ಪು ಅಳೆಯುವ ರೀತಿಯನ್ನೂ ಬದಲಿಸಿದೆ. ಮೊದಲು ಎಲ್ಲ ತಪ್ಪನ್ನೂ ಒಂದೇ ಎಂದು ಕೂಡಿ ಸರಾಸರಿ ತೆಗೆಯುತ್ತಿದ್ದೆ. ಒಣಗಿದ್ದನ್ನು ನಿಲ್ಲಿಸಿದರೆ ಹದಿನೈದು ದಿನ ಹೋಗುತ್ತದೆ, ಅಷ್ಟೆ. ಒದ್ದೆಯನ್ನು ಒಡೆದರೆ ಚೀಲವೇ ಹೋಗುತ್ತದೆ. ಮೊದಲನೆಯದಕ್ಕೆ ರಿಯಾಯಿತಿ ಇರಲಿ, ಎರಡನೆಯದಕ್ಕೆ ಖಂಡಿತ ಬೇಡ ಎಂದು ಕಂಪೈಲರಿಗೆ ಹೇಳಿದೆ. ಅದು ವಿಧೇಯವಾಗಿ ಸಡಿಲವಿದ್ದದ್ದನ್ನೆಲ್ಲ ಒಂದೊಂದಾಗಿ ಗಟ್ಟಿ ಮಾಡುತ್ತ ಬಂತು. ಪೆಟ್ಟಿಗೆ ಈಗ ಸರಿಯಾಗಿ ಹೇಳುತ್ತಿತ್ತು. ಆದರೆ ಉಳಿತಾಯ ಎನ್ನುವುದು ಒಂದು ಜೊತೆ ಸೆಲ್ಲು ಒಂದೆರಡು ವಾರ ಹೆಚ್ಚು ಬಂದರೆ ಬಂದೀತು ಎನ್ನುವಷ್ಟಕ್ಕೆ ಇಳಿಯಿತು.

ಆ ಫಲಿತಾಂಶದ ಕಾಗದಗಳನ್ನು ಹೊತ್ತುಕೊಂಡು ಶನಿವಾರದ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಗೈಡ್ ಕಾಗದಗಳನ್ನು ಸಾವಧಾನವಾಗಿ ನೋಡಿದರು. ಅವರು ಸಿಟ್ಟಿನ ಮನುಷ್ಯರಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನೋಡಮ್ಮ, ಕಂಪೈಲರ್ ತಪ್ಪು ಮಾಡಿಲ್ಲ ಅಲ್ವಾ? ನೀವು ಕೊಟ್ಟ ಡೇಟಾ ಮೇಲೆ ಸರಿಯಾಗೇ ಕೆಲಸ ಮಾಡಿದೆ."

"ಡೇಟಾನೇ ತಪ್ಪು ಸಾರ್."

"ಅದು ಕೃಷಿಯವರ ತಲೆನೋವು. ನಮ್ಮ ಪೇಪರ್ ಕಂಪೈಲರ್ ಬಗ್ಗೆ. ಒಪ್ಪಿಗೆಯಾಗಿರೋ ಪೇಪರ್‌ನ ಯಾರಾದ್ರೂ ಹಿಂದಕ್ಕೆ ತಗೋತಾರಾ? ಈ ಹೊಸದನ್ನ ಮುಂದಿನ ಪೇಪರ್‌ಗೆ ಇಟ್ಕೊಳ್ಳಿ. ಮನುಷ್ಯರ ತೀರ್ಪು ಅಸ್ಥಿರ ಅಂತ ಒಂದು ಸಾಲು ಹೇಗೂ ಬರೆದಿದೀರಲ್ಲ, ಸಾಕು."

"ಆ ಸಾಲೇ ಸಾರ್, ಒಬ್ಬರ ಕೆಲಸ ತೆಗೀತು."

"ಯಾರದು?"

ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ," ಎಂದರು. ನಿಜವಾಗಿಯೂ ಮರುಕದಿಂದಲೇ ಎಂದರು. ಆಮೇಲೆ ಪ್ರೂಫ್ ತಿದ್ದಿ ಬುಧವಾರದೊಳಗೆ ಕಳಿಸಿ ಎಂದರು.

ವಾಪಸು ಬರುವಾಗ ಅರಸೀಕೆರೆ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕ ಕೂತು ನಾನೇನು ದೊಡ್ಡ ಸತ್ಯಸಂಧೆಯೇನಲ್ಲ ಎಂದು ಯೋಚಿಸಿದೆ. ಪೇಪರ್ ಹಿಂದಕ್ಕೆ ತೆಗೆದುಕೊಂಡರೆ ಅಕ್ಕನಿಗೆ ಅದರಿಂದ ಬಿಡಿಗಾಸಿನ ಉಪಯೋಗವಿಲ್ಲ. ಅವರು ಆ ಪೇಪರ್ ಓದುವವರೂ ಅಲ್ಲ. ಆದರೆ ಅದರಲ್ಲಿ ಅವರ ಬಗ್ಗೆ ಒಂದು ಸುಳ್ಳಿತ್ತು, ಕೆಳಗೆ ನನ್ನ ಹೆಸರಿತ್ತು. ಬುಧವಾರ ಪ್ರೂಫಿನ ಬದಲು ಪೇಪರ್ ಹಿಂಪಡೆಯುತ್ತೇನೆ ಎಂದು ಪತ್ರಿಕೆಗೆ ಮೇಲ್ ಕಳಿಸಿದೆ, ಕಾರಣವನ್ನು ಬಿಡಿಸಿ ಬರೆದು. ಗೈಡ್ ಅವರಿಂದ ಎರಡೇ ಸಾಲಿನ ಉತ್ತರ ಬಂತು. ಬೋರ್ಡು ಹಿಂದಿರುಗಿಸಿ, ಬೇರೆ ಮಾರ್ಗದರ್ಶಕರನ್ನು ನೋಡಿಕೊಳ್ಳಿ. ನೋಡಿಕೊಳ್ಳಲು ಹೋದೆ, ಯಾರೂ ಸಿಗಲಿಲ್ಲ. ಈ ಊರುಗಳಲ್ಲಿ ಸುದ್ದಿ ರೈಲಿಗಿಂತ ಬೇಗ ಓಡಾಡುತ್ತದೆ.

ಬೋರ್ಡು ಕೊಟ್ಟು ಬಂದ ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ತಪ್ಪು ಪೆಟ್ಟಿಗೆಯದು, ಪೆಟ್ಟಿಗೆಗೆ ತಪ್ಪು ಹೇಳಿಕೊಟ್ಟವಳು ನಾನು, ವರದಿಯ ಆ ಸಾಲು ಸುಳ್ಳು, ಅಕ್ಕ ನಿಲ್ಲಿಸಬೇಕು ಎಂದದ್ದೆಲ್ಲ ನಿಲ್ಲಿಸಬೇಕಾದದ್ದೇ. ಅವರು ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತ ಕೇಳಿದರು.

"ಹಂಗಾರೆ ನಿಮ್ ಪೆಟ್ಗೆ?"

"ಇನ್ನಿಲ್ಲ."

"ಒಳ್ಳೇ ಕತೆ ಆಯ್ತಲ್ಲ ಮೇಡಂ," ಎಂದರು. ಕಡ್ಡಿ ಎಸೆದು ಕೈ ಕೊಡವಿದರು. "ಅವ್ಳೇ ಕೂರ್ಲಿ ಬಿಡಿ, ನಂದೇನು. ನೀವು ಪೆಟ್ಗೆ ತಗೊಂಡ್ ಹೋದ್ಮ್ಯಾಕೆ ಕಾಯಿ ಕೇಳೋಕೆ ಕೂರ್ಸಿರೋನೂ ಅಷ್ಟಕ್ಕಷ್ಟೇ. ಕರ್ಕೊಂಡ್ ಬಂದು ಕೂರ್ಸಿ."

ಅಷ್ಟು ಸುಲಭವಾಗಿ ಒಪ್ಪುತ್ತಾರೆ ಎಂದುಕೊಂಡಿರಲಿಲ್ಲ. ಶೆಡ್ಡಿನ ಹಿಂದಕ್ಕೆ ಓಡಿದೆ. ಅಕ್ಕ ಚಿಪ್ಪು ತುಂಬುತ್ತಿದ್ದ ಮಂಕರಿ ಬಿಟ್ಟು ಎದ್ದು ನಿಂತರು. ಕೈಯ ಗೀರುಗಳಿಗೆ ಅರಿಸಿನ ಮೆತ್ತಿಕೊಂಡಿದ್ದರು. ನಾನು ಅವರಿಗೂ ಮೊದಲಿನಿಂದ ಹೇಳಿದೆ, ಕ್ಷಮಿಸಿ ಎಂದೂ ಹೇಳಿದೆ. ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

"ಅಯ್ಯೋ, ಅದ್ಕ್ಯಾಕೆ ಅಳ್ತೀರವ್ವ," ಎಂದರು. "ನನ್ ಮನ್ಸಿಗೆ ನೋವಾಗ್ಬಾರ್ದು ಅಂತ ಹೇಳ್ತಿದೀರಿ ಅಷ್ಟೇಯ. ವಯ್ಸಾಯ್ತು, ಕಿವಿ ಮಂದ ಆಗೈತೆ. ಮನ್ಯಾಗೂ ಅಂತಾರೆ."

"ಇಲ್ಲ ಅಕ್ಕ, ನಿಮ್ಮ ಕಿವಿ ಸರಿಯಾಗೇ ಇದೆ. ಲೆಕ್ಕ ಹಾಕಿ ನೋಡಿದೀನಿ."

"ಆಗ್ಲೂ ಲೆಕ್ಕ ಹಾಕೇ ಅಲ್ವಾ ನೀವು ಬರ್ದಿದ್ದು?"

ಅದರಲ್ಲಿ ಕೊಂಕಿರಲಿಲ್ಲ, ಸುಮ್ಮನೆ ಕೇಳಿದರು. ನಾನು ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಗೋಣಿಚೀಲದ ಮೇಲೆ ಕೂರಿಸಿ, ರಾಶಿಯಿಂದ ಒಂದು ಕಾಯಿ ಎತ್ತಿ ಕೈಗೆ ಕೊಟ್ಟೆ. ಬಲಗಿವಿಯ ಹತ್ತಿರ ಅಲ್ಲಾಡಿಸಿದರು. ಕಣ್ಣು ಕೆಳಗೆ ಮಾಡಿ ಎಡಗಿವಿಯ ಹತ್ತಿರ ಅಲ್ಲಾಡಿಸಿದರು. ಮತ್ತೆ ಬಲಗಿವಿ, ಮತ್ತೆ ಎಡಗಿವಿ. ಒಡೆಯುವವರು ಮಚ್ಚು ಹಿಡಿದು ಕಾಯುತ್ತಿದ್ದರು. ಅಕ್ಕನ ಕೈ ಬಲಕ್ಕೂ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ, ಹಿಂದಿನ ಗೋಡೆಯ ಕಡೆಗೂ ಹೋಗಲಿಲ್ಲ. ಕೊನೆಗೆ ಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು.

"ಏನಂತೈತೆ?"

ಗಮನವಿಟ್ಟು ಕೇಳಿದೆ. ಇಂಥ ಸದ್ದನ್ನು ಸಾವಿರಗಟ್ಟಲೆ ಮುದ್ರಿಸಿದವಳು ನಾನು. ಉಂಡೆ ಚಿಪ್ಪಿಗೆ ತಾಕಿದ್ದು ಕೇಳಿತು. ಅದರ ಹಿಂದೆ ಇನ್ನೇನೋ ಇತ್ತೋ ಇಲ್ಲವೋ ತಿಳಿಯಲಿಲ್ಲ. ಈ ಸಲವಾದರೂ ಸುಳ್ಳು ಹೇಳಬಾರದು ಎಂದು, "ನನಗೆ ಗೊತ್ತಾಗಲ್ಲ ಅಕ್ಕ," ಎಂದೆ.

ಅವರು ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು.

"ಇಷ್ಟ್ ಓದಿರೋ ನಿಮ್ಗೇ ಗೊತ್ತಾಗಲ್ಲ ಅಂದ್ಮೇಲೆ, ನಂಗೆ ಹೆಂಗವ್ವಾ ಗೊತ್ತಾದಾತು?"